ಹತ್ತಿ ಬೀಜಕ್ಕೆ ಹಚ್ಚಿದ ಔಷಧಿ ಎಷ್ಟು ದಿನ ಕಾಯುತ್ತದೆ?

ಬೀಜೋಪಚಾರದ ಮಾತು ಬಂದರೆ ಸಾಕು, ಜನ ಎರಡು ಪಂಗಡ ಆಗುತ್ತಾರೆ. "ಬೀಜಕ್ಕೇ ವಿಷ ಹಚ್ಚೋದಾ?" ಎಂದು ಬೈಯುವವರು ಒಂದು ಕಡೆ. "ಬೀಜದ ಮೇಲೇ ಔಷಧಿ ಇದೆ, ಇನ್ನೇನು ನೋಡೋದು" ಎಂದು ನಿಶ್ಚಿಂತೆಯಾಗಿ ಇರುವವರು ಇನ್ನೊಂದು ಕಡೆ. ನನಗೆ ಈ ನಿಶ್ಚಿಂತರ ಮೇಲೆಯೇ ಜಾಸ್ತಿ ತಕರಾರು.

ಹಾಗಂತ ಬೀಜೋಪಚಾರ ಬೇಡ ಅನ್ನುವವನು ನಾನಲ್ಲ. ಎಳೆ ಹತ್ತಿಗೆ ಮೊದಲ ಕಾಟ ಥ್ರಿಪ್ಸ್‌ನದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ. ಇನ್ನೂ ಬಿಚ್ಚಿಕೊಳ್ಳದ ಸುಳಿಯೊಳಗೆ ಸೇರಿ ಕೆರೆದು ರಸ ಹೀರುತ್ತದೆ. ಎಲೆ ಬಿಚ್ಚುವ ಹೊತ್ತಿಗೆ ಅದು ಮುದುಡಿ, ಹರಿದು, ಅಂಚು ಮೇಲಕ್ಕೆ ಮಡಚಿಕೊಂಡಿರುತ್ತದೆ. ಮೇಲಿಂದ ಸಿಂಪಡಿಸಿದ ಔಷಧಿ ಆ ಸುಳಿಯ ಸಂದಿಗೆ ಹೋಗುವುದು ಕಷ್ಟ. ಬೀಜಕ್ಕೆ ಹಚ್ಚಿದ್ದು ಒಳಗಿನಿಂದಲೇ ಬರುತ್ತದೆ. ಹಚ್ಚಿದ ಕೀಟನಾಶಕ ಇಮಿಡಾಕ್ಲೋಪ್ರಿಡ್ ಇರಲಿ, ಥಯಾಮೆಥಾಕ್ಸಾಮ್ ಇರಲಿ, ಮಣ್ಣಿನ ತೇವದಲ್ಲಿ ಕರಗಿ, ಬೇರಿನ ಮೂಲಕ ಎಲೆಗೆ ಏರುತ್ತದೆ. ಥ್ರಿಪ್ಸ್, ಗಿಡದ ಹೇನು, ಜಿಗಿಹುಳು ಬಾಯಿ ಹಾಕಿದರೆ ಸಾಯುತ್ತವೆ. ಹೊಲ ತುಂಬಾ ಸಿಂಪಡಿಸಿದರೆ ಗುಲಗಂಜಿ ಹುಳುವಿನಂಥ ಉಪಕಾರಿ ಕೀಟಗಳೂ ಸಾಯುತ್ತವಲ್ಲ, ಇದರಲ್ಲಿ ಆ ನಷ್ಟ ಕಡಿಮೆ.

ಬಿಟಿ ಹತ್ತಿ, ಅಂದರೆ ಹುಳ ಕೊಲ್ಲುವ ಗುಣವನ್ನು ತಳಿಗೇ ಸೇರಿಸಿದ ಹತ್ತಿ, ಹಾಕಿದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರೂ ಇದ್ದಾರೆ. ಬಿಟಿ ಇರುವುದು ಕಾಯಿಕೊರಕಕ್ಕೆ. ರಸ ಹೀರುವ ಹುಳುಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಸರಿ, ಎಷ್ಟು ದಿನ ಕಾಯುತ್ತದೆ? ಮೂರು ವಾರ, ಹೆಚ್ಚೆಂದರೆ ನಾಲ್ಕು ವಾರ. ಬೀಜದ ಮೇಲಿದ್ದ ಔಷಧಿ ಇದ್ದಷ್ಟೇ ಇರುತ್ತದೆ, ಗಿಡ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಅಷ್ಟೇ ಔಷಧಿ ಎರಡು ಎಲೆಗೂ ಹಂಚಬೇಕು, ಆಮೇಲೆ ಆರು ಎಲೆಗೂ ಹಂಚಬೇಕು. ಒಂದು ಹಂತದಲ್ಲಿ ಅದು ಹುಳ ಸಾಯದಷ್ಟು ತೆಳುವಾಗುತ್ತದೆ. ಚಳಿ, ಅತಿ ತೇವ, ಬೇರೆ ಯಾವುದೋ ಕಾರಣಕ್ಕೆ ಸಸಿ ನಿಧಾನವಾಗಿ ಬೆಳೆದರೆ ಇನ್ನೊಂದು ಫಜೀತಿ: ಔಷಧಿಯ ಕಾಲ ಮುಗಿದಿರುತ್ತದೆ, ಗಿಡ ಮಾತ್ರ ಇನ್ನೂ ಎಳೆಯದೇ. ನಾಲ್ಕೈದು ಎಲೆ ಬಂದು ಚುರುಕಾಗಿ ಬೆಳೆಯುತ್ತಿರುವ ಹತ್ತಿ ಥ್ರಿಪ್ಸ್ ಕಾಟವನ್ನು ತಾಳಿಕೊಳ್ಳುತ್ತದೆ. ಅದಕ್ಕೆ ಮುಂಚೆ ತಾಳುವುದಿಲ್ಲ. ಹಾಗಾಗಿ ಕ್ಯಾಲೆಂಡರ್ ಜೊತೆ ಎಲೆಯನ್ನೂ ಎಣಿಸಬೇಕು, ತಿರುಗಿಸಿ ಅಡಿಭಾಗವನ್ನೂ ನೋಡಬೇಕು.

ನನ್ನ ಮುಖ್ಯ ಸಿಟ್ಟು ಇರುವುದು ಆಮೇಲೆ ನಡೆಯುವುದರ ಬಗ್ಗೆ. ಹುಳ ಕಂಡ ಕೂಡಲೇ ಒಂದು ಸಿಂಪಡಣೆ ಮಾಡುತ್ತಾರೆ. ಯಾವುದು? ಬಹಳ ಸಲ ಮತ್ತೆ ಇಮಿಡಾಕ್ಲೋಪ್ರಿಡ್, ಇಲ್ಲವೇ ಥಯಾಮೆಥಾಕ್ಸಾಮ್, ಇಲ್ಲವೇ ಅಸಿಟಾಮಿಪ್ರಿಡ್. ಡಬ್ಬಿ ಬೇರೆ, ಹೆಸರು ಬೇರೆ, ಹುಳ ಕೊಲ್ಲುವ ರೀತಿ ಒಂದೇ, ಗುಂಪು ಒಂದೇ: ನಿಯೋನಿಕೋಟಿನಾಯ್ಡ್, ಕೀಟನಾಶಕಗಳ ವರ್ಗೀಕರಣದಲ್ಲಿ 4ಎ. ಬೀಜದ ಔಷಧಿಯಿಂದ ಬಚಾವಾದ ಹುಳುಗಳಿಗೆ ಅದೇ ಗುಂಪಿನದ್ದನ್ನು ಮತ್ತೆ ಕೊಟ್ಟರೆ, ಅದಕ್ಕೆ ಜಗ್ಗದ ತಳಿಯನ್ನು ನಾವೇ ಆರಿಸಿ ಬೆಳೆಸಿದಂತೆ ಅಲ್ವಾ? ಇದು ಬರೀ ಊಹೆಯಲ್ಲ. ಅಮೆರಿಕದ ಹತ್ತಿ ಹೊಲಗಳಲ್ಲಿ ಟೊಬ್ಯಾಕೊ ಥ್ರಿಪ್ಸ್ ಈ ಗುಂಪಿನ ಬೀಜೋಪಚಾರಕ್ಕೆ ನಿರೋಧಕ ಶಕ್ತಿ ಬೆಳೆಸಿಕೊಂಡಿದೆ. ಮೊದಲ ಸಿಂಪಡಣೆಗೆ ಬೇರೆ ಗುಂಪು ಇರಲೇಬೇಕು.

ಆದರೆ ಬೀಜಕ್ಕೆ ಏನು ಹಚ್ಚಿದ್ದಾರೆ ಎಂದೇ ಗೊತ್ತಿಲ್ಲದಿದ್ದರೆ ಗುಂಪು ಬದಲಿಸುವುದು ಹೇಗೆ? ಬೀಜದ ಕಂಪನಿಯವರು ಔಷಧಿಯ ಹೆಸರನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಪೊಟ್ಟಣದ ಮೂಲೆಗೆ ತಳ್ಳಿದರೆ ಯಾರು ಓದುತ್ತಾರೆ? ಹತ್ತಿಯ ಫೋಟೋ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ಔಷಧಿಯ ಹೆಸರು, ಗುಂಪು, ಎಷ್ಟು ದಿನದ ರಕ್ಷಣೆ, ಮೂರನ್ನೂ ದೊಡ್ಡದಾಗಿ ಹಾಕಿ. ಔಷಧಿ ಹಚ್ಚದ ಬೀಜ ಬೇಕು ಎನ್ನುವವರಿಗೆ ಅದೂ ಸಿಗಬೇಕು. ಥ್ರಿಪ್ಸ್ ಕಾಟವೇ ಕಡಿಮೆ ಇರುವ ಹೊಲಕ್ಕೂ ಔಷಧಿ ಸುರಿಯುವುದು ಯಾಕೆ?

ಬೈಯುವವರ ಮಾತಿನಲ್ಲೂ ಹುರುಳಿದೆ. ಬೀಜಕ್ಕೆ ಹಚ್ಚಿದ್ದರಲ್ಲಿ ಗಿಡ ಹೀರಿಕೊಳ್ಳುವುದು ಐದನೇ ಒಂದು ಭಾಗ ಇದ್ದರೆ ಹೆಚ್ಚು. ಉಳಿದದ್ದರಲ್ಲಿ ಹೆಚ್ಚಿನದು ಮಣ್ಣಿಗೆ ಸೇರುತ್ತದೆ, ನೀರಿಗೂ ಇಳಿಯಬಹುದು. 2008ರಲ್ಲಿ ಜರ್ಮನಿಯಲ್ಲಿ ಇದೇ ನಿಯೋನಿಕೋಟಿನಾಯ್ಡ್ ಗುಂಪಿನ ಔಷಧಿ ಹಚ್ಚಿದ ಮೆಕ್ಕೆಜೋಳ ಬಿತ್ತುವಾಗ ಯಂತ್ರದಿಂದ ಎದ್ದ ಧೂಳಿಗೆ ಜೇನುನೊಣಗಳು ರಾಶಿ ರಾಶಿ ಸತ್ತವು. ಅಲ್ಲಿ ಔಷಧಿ ಬೀಜಕ್ಕೆ ಸರಿಯಾಗಿ ಅಂಟಿರಲಿಲ್ಲ. 2018ರಲ್ಲಿ ಐರೋಪ್ಯ ಒಕ್ಕೂಟ ಈ ಗುಂಪಿನ ಮೂರು ಔಷಧಿಗಳನ್ನು ಬಯಲು ಬೆಳೆಗಳಿಗೆ ಬಳಸದಂತೆ ತಡೆಯಿತು.

ಇನ್ನು ಔಷಧಿ ಹಚ್ಚಿದ ಬೀಜದ ಮೇಲಿನ ಬಣ್ಣ. ಅದು ಚೆಂದಕ್ಕೆ ಹಾಕಿದ್ದಲ್ಲ, ಎಚ್ಚರಿಕೆಗೆ ಹಾಕಿದ್ದು. ಮತ್ತೆ ತೊಳೆದರೆ ಬಣ್ಣ ಹೋಗಬಹುದು, ವಿಷ ಹೋಗುವುದಿಲ್ಲ. 1971-72ರಲ್ಲಿ ಇರಾಕ್‌ನಲ್ಲಿ ಪಾದರಸದ ಶಿಲೀಂಧ್ರನಾಶಕ ಹಚ್ಚಿದ ಬಿತ್ತನೆ ಗೋಧಿಯನ್ನು ಜನ ರೊಟ್ಟಿ ಮಾಡಿ ತಿಂದರು. ಬಣ್ಣ ತೊಳೆದುಹೋದರೆ ಸಾಕು ಎಂದುಕೊಂಡವರೂ ಇದ್ದರು. ಆಸ್ಪತ್ರೆಗೆ ಸೇರಿದವರಲ್ಲೇ 459 ಜನ ಸತ್ತರು. ಔಷಧಿ ಬೇರೆ, ನಿಜ. ಆದರೆ ಹತ್ತಿ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಹಿಂಡಿಯನ್ನು ದನಕ್ಕೆ ಹಾಕುತ್ತಾರೆ. ಬಿತ್ತಿ ಉಳಿದ ಬಣ್ಣದ ಬೀಜ ಗಾಣಕ್ಕೂ ಹೋಗಬಾರದು, ಕೊಟ್ಟಿಗೆಗೂ ಹೋಗಬಾರದು. ಬಿತ್ತುವಾಗ ಚೆಲ್ಲಿದ್ದನ್ನೂ ಹಕ್ಕಿಗಳಿಗೆ ಸಿಗದಂತೆ ಮಣ್ಣು ಮುಚ್ಚಿ.