ಮರಳಲ್ಲಿ ಕಾಲು ಬಡಿದರೆ ಗೊತ್ತಾಗಲ್ಲ

ಕುಮಟಾದಿಂದ ಗೋಕರ್ಣಕ್ಕೆ ಸಮುದ್ರದ ಅಂಚಲ್ಲೇ ನಡೆದು ಬಂದೆವು. ಎರಡು ದಿನ, ಹನ್ನೊಂದು ಜನ. ಹತ್ತು ಜನ ಕಿವುಡರು, ಕಿವಿ ಕೇಳಿಸುವವನು ನಾನೊಬ್ಬನೇ. ಗೌರಿಬಿದನೂರಿಗೆ ವಾಪಸ್ ಬಂದ ದಿನವೇ ಬೀದಿಯಲ್ಲಿ ಒಬ್ಬರು ಕೇಳಿದರು, "ಜಾಗೃತಿ ಜಾಥಾನಾ? ಯಾರು ಮಾಡಿಸಿದ್ದು?" ಯಾರೂ ಮಾಡಿಸಿಲ್ಲ ಸ್ವಾಮಿ. ಬ್ಯಾನರೂ ಇರಲಿಲ್ಲ.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. 2018ರಿಂದ ಆಚರಣೆ ನಡೆಯುತ್ತಿದೆ. ಸಭಾಂಗಣದಲ್ಲಿ ಕೂತು, ಕೇಳಿಸದ ಭಾಷಣ ನೋಡಿ, ಶಾಲು ಹೊದಿಸಿಕೊಂಡು ಬರುವುದು ನಮ್ಮಕ್ಕನಿಗೆ ಸಾಕಾಗಿತ್ತು. ಈ ಸಲ ನಮ್ಮ ಪಾಡಿಗೆ ನಾವು ನಡೆಯೋಣ ಅಂದಳು. ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿ ಮಳೆ, ಅದಕ್ಕೇ ಡಿಸೆಂಬರಿಗೆ ಹೊರಟೆವು.

ಸಮುದ್ರ ಯಾಕೆ, ಪಕ್ಕದಲ್ಲೇ ನಂದಿ ಬೆಟ್ಟ ಇದೆಯಲ್ಲ ಅಂತ ಕೇಳಿದ್ದೆ. "ಬೆಟ್ಟದ ದಾರಿ ಇಕ್ಕಟ್ಟು. ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಏನು ಮಾತಾಡೋದು?" ಅಂದಳು, ಕೈಯಲ್ಲಿ.

ಅಲ್ಲಿಗೆ ಹೋದ ಮೇಲೆ ಅರ್ಥವಾಯಿತು. ಬೀಚ್ ಸಿಕ್ಕ ಕೂಡಲೇ ಎಲ್ಲರೂ ಅರ್ಧ ಚಂದ್ರದ ಹಾಗೆ ಹರಡಿಕೊಂಡು ನಡೆದರು. ಮುಂದಿದ್ದವನು ಹಿಮ್ಮುಖವಾಗಿ ನಡೆಯುತ್ತಲೇ ಜೋಕು ಹೇಳುತ್ತಿದ್ದ. ಅವನ ಬೆನ್ನಿಗೆ ಬಂಡೆ ಬಂದರೆ ಎಂಟು ಕೈ ಒಟ್ಟಿಗೆ ಮೇಲೇಳುತ್ತಿದ್ದವು. ಬಂಡೆ ಮೇಲಿನ ಕಾಲುದಾರಿ ಬಂದರೆ ಮಾತು ಬಂದ್, ಇಳಿದ ಮೇಲೆ ಬಿಟ್ಟಲ್ಲಿಂದ ಶುರು. ಮನೆಯಲ್ಲಿ ಅಕ್ಕನನ್ನು ಕರೆಯಬೇಕಾದರೆ ನಾನು ನೆಲಕ್ಕೆ ಕಾಲು ಬಡಿಯುತ್ತೇನೆ, ಅದುರು ಗೊತ್ತಾಗಿ ತಿರುಗುತ್ತಾಳೆ. ಮರಳಲ್ಲಿ ಎಷ್ಟು ಬಡಿದರೂ ಪ್ರಯೋಜನವಿಲ್ಲ. ಓಡಿಹೋಗಿ ಮುಂದೆ ನಿಲ್ಲಬೇಕು. ಎರಡು ದಿನ ಓಡಿದ್ದೇ ಓಡಿದ್ದು.

ನನಗೂ ಅವರು ಒಂದು ಹೆಸರು ಇಟ್ಟರು. ಹುಬ್ಬಿನ ಮೇಲಿನ ಗಾಯದ ಗುರುತಿಗೆ ಬೆರಳು ಎಳೆದರೆ ಅದು ನಾನು. ಚಿಕ್ಕಂದಿನಲ್ಲಿ ಬೀದಿಯ ಹುಡುಗರು ಇಟ್ಟ "ಮೂಗಿ ತಮ್ಮ" ಅನ್ನುವ ಹೆಸರಿಗಿಂತ ಇದು ಎಷ್ಟೋ ವಾಸಿ.

ಅಕ್ಕನಿಗೆ "ಶ್ರವಣದೋಷ" ಅಂದರೆ ಆಗಲ್ಲ. ದೋಷ ಅಂತ ಯಾಕೆ, ಕಿವುಡಿ ಅನ್ನಿ ಅಂತಾಳೆ. ಶಾಲೆಯಲ್ಲಿ ಅವಳು ಕೈ ಆಡಿಸಿದರೆ ಏಟು ಬೀಳುತ್ತಿತ್ತು, ಬಾಯಿಯಲ್ಲೇ ಮಾತಾಡಬೇಕಂತೆ. ಆ ಹುಚ್ಚು ಶುರುವಾಗಿದ್ದು ಎಲ್ಲೋ ದೂರದಲ್ಲಿ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಸಭೆ ಸೇರಿದವರು ಸನ್ನೆ ಬೇಡ ಅಂತ ನಿರ್ಣಯ ಮಾಡಿದರು. ಅದಕ್ಕೆ ವಿಷಾದ ಅಂತ ಹೇಳಿದ್ದು 2010ರಲ್ಲಿ. ಅಷ್ಟರಲ್ಲಿ ನಮ್ಮಕ್ಕ ಕೈ ಕಟ್ಟಿ ಕೂತು ಶಾಲೆ ಮುಗಿಸಿಯೇ ಬಿಟ್ಟಿದ್ದಳು.

ಸನ್ನೆ ಕಲಿಯೋದು ಕಷ್ಟ ಅಂತ ಹೇಳುವವರಿಗೆ ನಾನು ನಮ್ಮ ತಾಲ್ಲೂಕಿನ ಅಲೀಪುರವನ್ನೇ ತೋರಿಸುತ್ತೇನೆ. ಅಲ್ಲಿ ತಲೆಮಾರುಗಳಿಂದ ಕಿವುಡರು ಜಾಸ್ತಿ. ಊರಿಗೇ ಒಂದು ಸ್ವಂತ ಸನ್ನೆ ಭಾಷೆ ಹುಟ್ಟಿಕೊಂಡಿದೆ. ಕಿವಿ ಕೇಳಿಸುವವರೂ ಅದರಲ್ಲಿ ಮಾತಾಡುತ್ತಾರೆ. ಸಂಶೋಧಕ ಸಿಬಾಜಿ ಪಂಡಾ 2012ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಹೊರದೇಶದ ಭಾಷಾ ಪಂಡಿತರಿಗೆ ಗೊತ್ತಿರುವ ಊರು ಅದು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಎಷ್ಟು ಜನಕ್ಕೆ ಗೊತ್ತು? ಅಲ್ಲಿ ಯಾರೂ ಜಾಥಾ ಮಾಡಿ ಕಲಿಸಲಿಲ್ಲ. ಮನೆಯವರು, ನೆಂಟರು, ಪಕ್ಕದವರು, ಬೇಕಿತ್ತು, ಕಲಿತರು. ಅಷ್ಟೇ.

ಈಗ ನಮ್ಮ ಕಡೆಯ ಆಸ್ಪತ್ರೆಯೊಂದರ ಕಥೆ ಕೇಳಿ. ಅಕ್ಕನಿಗೆ ಹೊಟ್ಟೆನೋವು. ಡಾಕ್ಟರು ನನ್ನ ಮುಖ ನೋಡಿಕೊಂಡು "ಅವರಿಗೆ ಎಷ್ಟು ದಿನದಿಂದ ನೋವು?" ಅಂತಾರೆ. ನೋವು ಪಡುತ್ತಿರುವವಳು ಎದುರಿಗೇ ಕೂತಿದ್ದಾಳೆ, ಬರೆಯೋಕೂ ಬರುತ್ತೆ. ಒಂದು ಚೀಟಿ ಮುಂದೆ ತಳ್ಳಲಿಲ್ಲ. ಹೆಂಗಸಿನ ಕಷ್ಟವನ್ನೆಲ್ಲ ತಮ್ಮನ ಬಾಯಲ್ಲಿ ಹೇಳಿಸಬೇಕಾ?

ನಡಿಗೆಯ ರಾತ್ರಿ, ದಾರಿಯಲ್ಲಿನ ಅಘನಾಶಿನಿ ಊರಿನ ಒಂದು ಮನೆಯ ಜಗಲಿಯಲ್ಲಿ ಇದೇ ಮಾತು ಬಂತು. ಕರೆಂಟ್ ಹೋಗಿತ್ತು. ಕಂಬಕ್ಕೆ ಮೊಬೈಲ್ ಕಟ್ಟಿ ಟಾರ್ಚ್ ಹಾಕಿದ್ದೆವು, ಗೋಡೆ ಮೇಲೆಲ್ಲ ಕೈಗಳ ನೆರಳು. ಗುಂಪಿನಲ್ಲಿದ್ದ ಚಿಕ್ಕ ಹುಡುಗಿಯೊಬ್ಬಳು 2023ರಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸನ್ನೆ ದುಭಾಷಿಯ ಜೊತೆ ಸುಪ್ರೀಂ ಕೋರ್ಟಿನಲ್ಲಿ ಹಾಜರಾದದ್ದನ್ನು ಹೇಳಿದಳು. ಸುಪ್ರೀಂ ಕೋರ್ಟಿಗೆ ಆಗೋದು ಆಸ್ಪತ್ರೆಗೆ ಆಗಲ್ವಾ ಅಂತ ಎಲ್ಲರೂ ಜಗಳಕ್ಕೆ ನಿಂತವರ ಹಾಗೆ ಕೈ ಬೀಸತೊಡಗಿದರು. ಎಷ್ಟು ಹೊತ್ತಾಯಿತೋ, ಟಾರ್ಚ್ ಆರಿಹೋಯಿತು. ಮಾತೂ ನಿಂತಿತು. ಕತ್ತಲಲ್ಲಿ ಅಕ್ಕ ನನ್ನ ಅಂಗೈ ಹುಡುಕಿ ಬೆರಳಲ್ಲಿ ಬರೆದಳು: ನಿನ್ನ ಮೊಬೈಲ್ ಕೊಡು, ಇನ್ನೂ ಮುಗಿದಿಲ್ಲ.