ನೀಲಿ ಪಟ್ಟಿಯವರು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಕಲಸುತ್ತಿದ್ದವನು ನಮ್ಮ ಕಾಕಾನ ಕೈ ನೋಡಿ ಅರ್ಧಕ್ಕೇ ನಿಲ್ಲಿಸಿದ. ಮಣಿಕಟ್ಟಿನಲ್ಲಿ ನೀಲಿ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೊಂದು ನಂಬರು.

"ಯಾವ ದವಾಖಾನ್ಯಾಗ ಇದ್ರಿ ಕಾಕಾರ? ಈಗ ಆರಾಮ ಅದೀರಿಲ್ಲೋ?"

ಕಾಕಾಗೆ ಸಿಟ್ಟು ಬಂತು. ಅದು ದವಾಖಾನೆಯ ಪಟ್ಟಿ ಅಲ್ಲ, ಗೋವಾದ ಪಂಚತಾರಾ ಹೋಟೆಲಿನದು. ಊರಿಗೆ ಬಂದು ಎಂಟು ದಿನ ಆದರೂ ಬಿಚ್ಚಿಲ್ಲ. ಜಳಕಕ್ಕೂ ಅದೇ, ಪೂಜೆಗೂ ಅದೇ. ಅಷ್ಟು ದುಡ್ಡು ಕೊಟ್ಟು ಅಲ್ಲಿಂದ ಮನೆಗೆ ತಂದಿದ್ದು ಇದೊಂದೇ ಅಂತ ಅವರ ವಾದ. ಕಾಕು ತಂದ ಹದಿನಾಲ್ಕು ಶಾಂಪೂ ಬಾಟಲಿ ಲೆಕ್ಕಕ್ಕಿಲ್ಲ.

ಕಾಕಾ ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಆ ಖುಷಿಗೆ ಇಡೀ ಮನೆಯವರನ್ನು ಗೋವಾಕ್ಕೆ ಕರೆದುಕೊಂಡು ಹೋದರು. ಹನ್ನೊಂದು ಜನ, ಒಂದು ಟೆಂಪೊ ಟ್ರಾವೆಲರ್, ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಭರಣಿ ರಂಜಕ. ಧಾರವಾಡ, ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟು ಇಳಿದು ಹೋಟೆಲಿನ ಬಾಗಿಲಿಗೆ ಹೋದೆವು. ಕಾವಲಿನವನು ಗಾಡಿ ನೋಡಿದ. ಕೆಎ 63 ನೋಡಿದ. ಆಮೇಲೆ ಬಹಳ ವಿನಯದಿಂದ ಹಿಂದಿಯಲ್ಲಿ ಹೇಳಿದ, ಕೆಲಸದವರ ಗೇಟು ಹಿಂದುಗಡೆ ಇದೆ ಅಂತ.

ಅವನದೇನೂ ತಪ್ಪಿಲ್ಲ ಬಿಡಿ. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಗಾಡಿ ತುಂಬ ಜನ ಗೋವಾಕ್ಕೆ ಹೋಗುವುದು ಗಾರೆ ಕೆಲಸಕ್ಕೆ, ಗಾಳಿ ತಿನ್ನೋಕಲ್ಲ. ಕಾಕಾ ಮೊಬೈಲಿನಲ್ಲಿ ಬುಕಿಂಗ್ ತೋರಿಸಿದರು. ಕಾವಲಿನವನು ಸೆಲ್ಯೂಟ್ ಹೊಡೆಯಲು ಎತ್ತಿದ ಕೈಯನ್ನು 'ಆಫರ್ ರೇಟ್' ಅನ್ನೋ ಅಕ್ಷರ ಕಂಡು ಕಿವಿಯ ಹತ್ತಿರವೇ ನಿಲ್ಲಿಸಿ, ಸುಮ್ನೆ ತಲೆ ಕೆರೆದುಕೊಂಡ.

ಒಳಗೆ ಹೋದ ಮೇಲೆ ಗೊತ್ತಾಯ್ತು, ಅಲ್ಲಿ ಮನುಷ್ಯರಲ್ಲಿ ಎರಡು ಜಾತಿ. ಬಂಗಾರದ ಪಟ್ಟಿಯವರು, ನೀಲಿ ಪಟ್ಟಿಯವರು. ಬಂಗಾರದವರಿಗೆ ಕವಡೆ ಸರ, ಎಳನೀರು, ಕೂರಲು ಸೋಫಾ. ಅವರು ಸಹಿ ಮಾಡಬೇಕಾದ ಕಾಗದ ತಾನೇ ನಡೆದುಕೊಂಡು ಅವರ ಹತ್ತಿರ ಬರುತ್ತದೆ. ನಮಗೆ ಒಂದು ಒದ್ದೆ ಟಿಶ್ಯೂ ಮತ್ತು ಸಾಲು. ರೊಟ್ಟಿ ಡಬ್ಬಿಯನ್ನು ಎಕ್ಸ್‌ರೇ ಯಂತ್ರದಲ್ಲಿ ಹಾಯಿಸಿದರು. ರಂಜಕದ ಭರಣಿಯನ್ನು ಮೂರು ಜನ ಸೇರಿ ಮೂಸಿದರು. ಮೂರನೆಯವನು ಇನ್ನೂ ಸೀನುತ್ತಿರಬೇಕು, ಕೆಂಪು ಮೆಣಸಿನಕಾಯಿ ಚಟ್ನಿ ಅಲ್ವಾ.

ಸರ್ಕಾರಕ್ಕೂ ಹೀಗೆ ಎರಡು ಬಗೆಯ ಅತಿಥಿಗಳು ಗೊತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಜಾಸ್ತಿ ಆದರೆ ಶೇ 18. ನಾವು ಕಟ್ಟಿದ್ದು ಶೇ 18. ಸಿಕ್ಕ ಮರ್ಯಾದೆ ಮಾತ್ರ ಶೇ 5ರದ್ದು.

ಕೋಣೆಯ ಹೆಸರು 'ಪಾರ್ಶಿಯಲ್ ಸೀ ವ್ಯೂ'. ನೀರಿನ ಟಾಕಿಗೂ ತೆಂಗಿನ ಮರಕ್ಕೂ ನಡುವೆ ನಾಲ್ಕು ಬೆರಳು ಸಮುದ್ರ. ಕಾಕಾ ಒಂದು ಕಣ್ಣು ಮುಚ್ಚಿ ಅಳೆದೇ ಹೇಳಿದರು. ತಿಂಡಿಯ ಜಾಗ ಆಚೆ ತುದಿಯಲ್ಲಿ. ಬಂಗಾರದವರಿಗೆ ಬ್ಯಾಟರಿ ಗಾಡಿ, ನಮಗೆ ಕಾಲು. ಅದಕ್ಕೆ ನಾವು ಹೆದರಲಿಲ್ಲ. 1,507 ಮೀಟರ್ ಪ್ಲಾಟ್‌ಫಾರ್ಮಿನ ಮೇಲೆ ಸೂಟ್‌ಕೇಸ್ ಎಳೆದು ಬೋಗಿ ಹುಡುಕುವ ಊರಿನವರು ನಾವು.

ಈಜುಕೊಳದ ಕಥೆ ಮಾತ್ರ ವಿವರವಾಗಿ ಹೇಳಲೇಬೇಕು. ನಳ ಬರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಊರಿಂದ ಹೋದವರಿಗೆ ಅಷ್ಟು ಸಿಹಿನೀರು ಒಂದೇ ಕಡೆ ಸುಮ್ಮನೆ ನಿಂತಿರುವುದು ನೋಡಿ ಮಾತೇ ಹೊರಡಲಿಲ್ಲ. ಕಾಕುವಿನ ತವರು ನವಲಗುಂದ. 2015ರ ಜುಲೈಯಿಂದ ಮಹದಾಯಿ ನೀರಿಗಾಗಿ ನರಗುಂದ, ನವಲಗುಂದದ ರೈತರು ಧರಣಿ ಕೂತಿದ್ದನ್ನು ಕಂಡವಳು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಾಗ ಪೇಡೆ ಹಂಚಿದವಳು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ಬರಬೇಕಾದ 3.9 ಟಿಎಂಸಿಯ ಒಂದು ಹನಿಯೂ ಅವಳ ನಳದಲ್ಲಿ ಬಂದಿಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಗೋವಾದಲ್ಲಿ ಮಾಂಡೋವಿ ಅಂತ ಹೆಸರು ಬದಲಿಸಿಕೊಂಡು ಸಮುದ್ರ ಸೇರುತ್ತಾಳೆ ಅನ್ನುವುದು ಕಾಕುಗೆ ಬಾಯಿಪಾಠ.

ಅವಳು ಇಳಕಲ್ ಸೀರೆ ತುಸು ಎತ್ತಿ, ಕೊಳದ ಅಂಚಿಗೆ ಕೂತು, ಕಾಲು ಇಳಿಬಿಟ್ಟಳು. "ನಮ್ಮ ಪಾಲಿನ ನೀರು ಇಲ್ಲೇ ಐತಿ ನೋಡ್ರಿ."

ಒಬ್ಬ ಹುಡುಗ ಓಡಿ ಬಂದ. "ಸಾರಿ ಮೇಡಂ, ಸಾರಿ ನಾಟ್ ಅಲೋಡ್."

"ಒಂದ ಸಾರಿ ಉಟ್ಟೀನಪಾ, ಎರಡ ಯಾಕ ಅಂತಿ?" ಅಂದಳು ಕಾಕು.

ನೈಲಾನ್ ಉಡುಪು ಬೇಕಂತೆ. ಅಲ್ಲೇ ಅಂಗಡಿಯಲ್ಲಿ ಸಿಗುತ್ತದಂತೆ. ಬೆಲೆ ಕೇಳಿ ಕಾಕು ಕಾಲು ಮೇಲೆ ತೆಗೆದಳು. ಆಚೆ ಬದಿಯಲ್ಲಿ ಇಪ್ಪತ್ತು ಆರಾಮ ಕುರ್ಚಿ, ಒಂದೊಂದರ ಮೇಲೂ ಒಂದು ಟವೆಲ್. ಬಂಗಾರದವರಿಗೆ ಕಾಯ್ದಿರಿಸಿದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ಆ ಟವೆಲುಗಳು ಮಲಗಿ ಬಿಸಿಲು ಕಾಯಿಸಿಕೊಂಡವು. ಅಷ್ಟು ಸುಖವಾಗಿದ್ದ ಗಿರಾಕಿಗಳನ್ನು ನಾವು ಆ ಹೋಟೆಲಿನಲ್ಲಿ ಮತ್ತೆ ಕಾಣಲಿಲ್ಲ.

ಮರುದಿನ ಬೀಚಿಗೆ ಹೋದರೆ ಮರಳಿನ ಮೇಲೆ ಹಗ್ಗ. ಹಗ್ಗದ ಆಚೆ ಬಂಗಾರ, ಈಚೆ ನೀಲಿ. ಕಾಕಾಗೆ ಮೂವತ್ತು ವರ್ಷದ ಸರ್ವಿಸ್ ಒಮ್ಮೆಲೇ ನೆನಪಾಯ್ತು. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ರೆಸಾರ್ಟಿನ ಬೇಲಿ ಜನ ತೀರಕ್ಕೆ ಹೋಗುವ ದಾರಿಗೆ ಅಡ್ಡ ಬರಬಾರದು ಅಂತ ಅದರಲ್ಲೇ ಬರೆದಿದೆ. ಕಾಕಾ ಹಗ್ಗ ಹಿಡಿದು ಕೇಳಿದರು.

"ಉಬ್ಬರದ ಗೆರಿ ಎಲ್ಲೈತಿ? ಯಾವ ಕಲ್ಲಿಂದ ಅಳದು ಇದನ್ನ ಕಟ್ಟೀರಿ?"

ಸೆಕ್ಯುರಿಟಿ ಹುಡುಗನ ಮುಖ ಅರಳಿತು. "ಹುಬ್ಬಳ್ಳಿಯವರೇನ್ರಿ? ನಾ ರೋಣ ತಾಲೂಕ್ರಿ. ಹಗ್ಗ ನಾ ಕಟ್ಟಿಲ್ರಿ ಕಾಕಾರ, ನಾ ಬರೇ ಕಾಯ್ತೀನಿ."

ಅವನ ಅಪ್ಪ ಈ ಹೋಟೆಲು ಕಟ್ಟುವಾಗ ಸಿಮೆಂಟ್ ಹೊತ್ತವನಂತೆ. ಬಂಗಾರದವರು ಉಳಿಯುವ ಕೋಣೆಗಳು ಅವನ ಅಪ್ಪ ಹೊತ್ತಿದ್ದು. ನೋಡಿದೀಯಾ ಅಂತ ಕೇಳಿದೆ. ಹೊರಗಿನಿಂದ ಅಂದ. ಕಾಕು ಅವನಿಗೆ ಎರಡು ರೊಟ್ಟಿ ತಂದು ಕೊಟ್ಟಳು. ಅವನು ಆಚೀಚೆ ನೋಡಿ ಟೋಪಿಯೊಳಗೆ ಇಟ್ಟುಕೊಂಡ. ಡ್ಯೂಟಿಯಲ್ಲಿ ತಿಂದರೆ ಪಗಾರ ಕಟ್.

ಕಾಕಾ ಅಲ್ಲಿಂದ ನೆಟ್ಟಗೆ ಮ್ಯಾನೇಜರ್ ಹತ್ತಿರ ಹೋದರು. ಸಂವಿಧಾನದ 15ನೇ ವಿಧಿ ತೆಗೆದರು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಅಂಗಡಿಗೆ, ಹೋಟೆಲಿಗೆ ಬರದ ಹಾಗೆ ಯಾರನ್ನೂ ತಡೆಯುವಂತಿಲ್ಲ. ಹೋಟೆಲು ಅನ್ನೋ ಶಬ್ದವೇ ಅದರಲ್ಲಿದೆ. ಮ್ಯಾನೇಜರ್ ಬೆಂಗಳೂರು ಕಡೆಯವನು. ಪೂರ್ತಿ ಕೇಳಿ ನಕ್ಕ.

"ಸರ್, ನಾವು ಜಾತಿ ನೋಡಲ್ಲ. ಕೆಟಗರಿ ನೋಡ್ತೀವಿ."

ಇದಕ್ಕೆ ಯಾವ ವಿಧಿ ಅಂತ ಕಾಕಾಗೆ ಹೊಳೆಯಲಿಲ್ಲ. ಬಿಲ್ಲಿನಲ್ಲಿ ಮಾತ್ರ ಗೆದ್ದರು. ಸೇವಾ ಶುಲ್ಕ ಅಂತ ಶೇ 10 ಸೇರಿಸಿದ್ದರು. ಗ್ರಾಹಕರನ್ನು ಕೇಳದೆ ಅದನ್ನು ಹಾಕಬಾರದು ಅಂತ 2022ರಲ್ಲೇ ಕೇಂದ್ರ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದ ಕೂಡಲೇ ತೆಗೆದರು. ಅದೇ ಖುಷಿಯಲ್ಲಿ ಅಭಿಪ್ರಾಯದ ಕಾಗದ ಕೇಳಿ ಪಡೆದು, ಹಿಂದೆ ಮುಂದೆ ತುಂಬಿಸಿದರು. ಮೊದಲ ಸಾಲು ನಾನು ಓದಿದೆ: 'ಬಂದವರನ್ನೆಲ್ಲ ಒಂದೇ ರೀತಿ ಕಾಣುವುದು ನಮ್ಮ ಕಡೆಯ ಪದ್ಧತಿ.' ಅಕ್ಷರ ಮುತ್ತಿನ ಹಾಗೆ.

ಗಾಡಿ ಹತ್ತಿದೆವು. ಡ್ರೈವರ್ ಹುಡುಗ ಶಿಗ್ಗಾವಿಯವನು. ಕಣ್ಣು ಕೆಂಪಗಿತ್ತು. ಚಾಲಕರ ಕೋಣೆ ತುಂಬಿದೆ ಅಂತ ಹೋಟೆಲಿನವರು ಹೇಳಿದ್ದರಿಂದ ಎರಡು ರಾತ್ರಿ ಪಾರ್ಕಿಂಗಿನಲ್ಲಿ ಗಾಡಿಯ ಸೀಟಿನ ಮೇಲೇ ಮಲಗಿದ್ದ. ಸೊಳ್ಳೆ ಜಾಸ್ತಿ ಇದ್ದವಂತೆ. ನಮಗೆ ಅದು ಗೊತ್ತಾಗಿದ್ದು ಆಗಲೇ. ನಾವು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಘಾಟು ಹತ್ತುವ ತನಕ ಕಾಕಾ ಅವನಿಗೇ ಪೂರ್ತಿ ಕಥೆ ಹೇಳಿದರು. ಹಗ್ಗ, ಟವೆಲು, ಕೆಟಗರಿ. "ಹೌದ್ರಿ, ಭಾಳ ಅನ್ಯಾಯ ಆತ್ರಿ ನಿಮಗ" ಅಂತ ಅವನು ಗೇರ್ ಬದಲಿಸುತ್ತಾ ಒಪ್ಪಿಕೊಂಡ.

ರಾಮನಗರದಲ್ಲಿ ಊಟಕ್ಕೆ ನಿಲ್ಲಿಸಿದೆವು. ನಾವು ಹನ್ನೊಂದು ಜನ ಮೂರು ಟೇಬಲ್ ಜೋಡಿಸಿಕೊಂಡು ಕೂತೆವು. ಡ್ರೈವರ್ ಯಾರೂ ಹೇಳದೆ ಬಾಗಿಲ ಹತ್ತಿರದ ಬೆಂಚಿಗೆ ಹೋದ. ಸಪ್ಲೈಯರ್ ಬಂದ. ಕಾಕಾ ನೀಲಿ ಪಟ್ಟಿಯ ಕೈ ಎತ್ತಿ ಆರ್ಡರ್ ಕೊಟ್ಟರು.

"ನಮಗ ಹನ್ನೊಂದು ಸ್ಪೆಷಲ್ ಊಟ. ಅಲ್ಲಿ ಡ್ರೈವರ್‌ಗೆ ಒಂದು ಪ್ಲೇಟ್ ಊಟ ಕೊಡು, ಸಾಕು."