ಪೋರ್ಷೆ ಸುಲಭ, ಅಂಬಾಸಿಡರ್ ಕಷ್ಟ

"ಇಂಟರ್ನೆಟ್ ಇಲ್ಲದ ಕಾಲದಲ್ಲಿ ಮಾಡೆಲ್ ಕಾರು ಕಟ್ಟೋದರಲ್ಲಿ ಇದ್ದ ಮಜಾ ಈಗಿಲ್ಲ" ಅಂತ ನನ್ನ ವಯಸ್ಸಿನವರು ಶುರು ಮಾಡಿದರೆ ನನಗೆ ನಗು ಬರುತ್ತದೆ. ಯಾವ ಮಜಾ ಸ್ವಾಮಿ?

ಫಾರಿನ್‌ನಿಂದ ಬರುವ ನೆಂಟರು ಸೂಟ್‌ಕೇಸಿನಲ್ಲಿ ಒಂದು ಕಿಟ್, ಅಂದರೆ ಬಿಡಿಭಾಗ ಜೋಡಿಸಿ ಪುಟ್ಟ ಕಾರು ಕಟ್ಟುವ ಡಬ್ಬಿ, ಹಾಕಿಕೊಂಡು ಬಂದರೆ ಅದೇ ಹಬ್ಬ. ನಿಜವಾದ ಕಾರಿನ ಬಣ್ಣ ಯಾವುದು ಅಂತ ತಿಳಿಯಲು ಡಬ್ಬಿಯ ಮೇಲಿನ ಚಿತ್ರವೇ ಗತಿ. ಅವೆನ್ಯೂ ರೋಡಿನಲ್ಲಿ ಹಳೇ ಕಾರ್ ಮ್ಯಾಗಜಿನ್ ಸಿಕ್ಕರೆ ಪುಣ್ಯ, ಸಿಕ್ಕರೂ ಫೋಟೋ ಕಪ್ಪು ಬಿಳುಪು. ಕಾರಿನ ಅಡಿಭಾಗದ ಫೋಟೋ ಯಾರು ತೆಗೀತಾರೆ? ಅಲ್ಲಿಗೆಲ್ಲ ಮ್ಯಾಟ್ ಬ್ಲ್ಯಾಕ್ ಬಳಿದು ಸುಮ್ನಾಗುತ್ತಿದ್ದೆವು.

ದುಡ್ಡಿದ್ದವರ ಕಥೆ ಬೇರೆ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 911ರ ರೇಸ್ ಅವತಾರವಾದ 934ರ ಕಿಟ್ ತಂದಿತು, 1/12 ಅಳತೆಯದು, ಅಂದರೆ ನಿಜವಾದ ಕಾರಿನ ಹನ್ನೆರಡನೇ ಒಂದು ಪಾಲು ಉದ್ದ. ಫೋಟೋಗಳು ಸಾಲಲಿಲ್ಲ ಅಂತ ಅವರು ನಿಜವಾದ ಒಂದು ಪೋರ್ಷೆ 911 ಕಾರನ್ನೇ ಕೊಂಡು ಪೂರ್ತಿ ಬಿಚ್ಚಿದರು. ತಿರುಗಿ ಜೋಡಿಸಲು ಪೋರ್ಷೆ ಕಂಪನಿಯವರೇ ಬರಬೇಕಾಯಿತಂತೆ! ಆಗಿನ ರಿಸರ್ಚ್ ಅಂದರೆ ಇದು. ನಮ್ಮ ಕೈಲಿ ಆಗೋ ಮಾತಾ?

ಕಾರು ಕಣ್ಣೆದುರೇ ಇದ್ದರೂ ಮೋಸ ಹೋಗಬಹುದಿತ್ತು. ಫ್ರಾನ್ಸಿನಲ್ಲಿ 24 ಗಂಟೆ ಓಡಿಸುವ ಲೆ ಮಾನ್ಸ್ ರೇಸನ್ನು 1970ರಲ್ಲಿ ಗೆದ್ದ ಕೆಂಪು-ಬಿಳಿ ಪೋರ್ಷೆ 917, ನಂಬರ್ 23. ಪೋರ್ಷೆಗೆ ಅಲ್ಲಿ ಅದು ಮೊದಲ ಒಟ್ಟಾರೆ ಗೆಲುವು. ಅದೇ ಬಣ್ಣದ, ಅದೇ ನಂಬರಿನ ಕಾರೊಂದು ಕಂಪನಿಯ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಇತ್ತು. ಆದರೆ ರೇಸ್ ಗೆದ್ದ ಕಾರು ಅದಲ್ಲ. ಅದು 917ರ ಮೊಟ್ಟಮೊದಲ ಚಾಸಿ (ಕಾರಿನ ಮೂಲ ಚೌಕಟ್ಟು; ಒಂದೊಂದು ಕಾರನ್ನೂ ಗುರುತಿಸುವುದು ಇದರಿಂದಲೇ), 1969ರ ಜಿನೀವಾ ಮೋಟಾರ್ ಶೋನಲ್ಲಿ ಬಿಳಿ-ಹಸಿರು ಬಣ್ಣದಲ್ಲಿ ನಿಂತಿದ್ದು. ಪ್ರದರ್ಶನಕ್ಕೆ ಅಂತ ಆಮೇಲೆ ಅದಕ್ಕೆ ಗೆದ್ದ ಕಾರಿನ ವೇಷ ಹಾಕಿದ್ದರು. 2019ರಲ್ಲಿ ಮತ್ತೆ ಮೊದಲಿನ ಬಣ್ಣಕ್ಕೆ ತಂದರು. ಅಷ್ಟು ದೂರ ಹೋಗಿ, ಎದುರಿಗೇ ನಿಂತು ಫೋಟೋ ತೆಗೆದವನ ಕೈಗೂ ಬೇರೆಯೇ ಕಾರು ಸಿಕ್ಕಿರುತ್ತಿತ್ತು ನೋಡಿ.

ಇವತ್ತು ಇದನ್ನೆಲ್ಲ ಮೊಬೈಲಿನಲ್ಲಿ ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು. ಯಾವ ರೇಸಿನಲ್ಲಿ ಯಾವ ಚಾಸಿ ಓಡಿತು, ಯಾವ ಸ್ಟಿಕರ್ ಎಲ್ಲಿತ್ತು, ಎಲ್ಲಾ ಇದೆ. ನನಗೆ ಇದು ಖುಷಿಯೇ. ಕಷ್ಟಪಟ್ಟಿದ್ದೇ ದೊಡ್ಡದು ಅನ್ನುವ ಜಂಬ ನನಗಿಲ್ಲ.

ನನ್ನ ತಕರಾರು ಬೇರೆ. ಆಗ ನಮಗೆ ಒಂದೇ ಒಂದು ಕಾರಿನ ರಿಸರ್ಚ್ ಸುಲಭವಾಗಿತ್ತು. ಅಂಬಾಸಿಡರ್. ಕಿಟ್ ಇಲ್ಲದಿದ್ದರೇನು, ಮೌಂಟ್ ಬೋರ್ಡು, ಬಾಲ್ಸಾ ಮರ, ಎಂ-ಸೀಲ್ ಇದ್ದವಲ್ಲ. ಟೇಪು ಹಿಡಿದು ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದರೆ ಆಯಿತು. "ಏನ್ ಸಾರ್, ಗಾಡಿ ತಗೋತೀರಾ?" ಅಂತ ಡ್ರೈವರ್ ಕೇಳುತ್ತಿದ್ದರು, ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದರು. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ, 97 ಇಂಚು. 1/24 ಅಳತೆಗೆ ನಾಲ್ಕು ಇಂಚಿಗಿಂತ ಕೂದಲೆಳೆ ಜಾಸ್ತಿ. ಎಂಥ ಅನುಕೂಲದ ಲೆಕ್ಕ! ಅಳೆಯಲು ಬಿಡದಿದ್ದರೆ ಪಕ್ಕದಿಂದ ಒಂದು ಫೋಟೋ ಸಾಕು. ಚಕ್ರದ ರಿಮ್ 15 ಇಂಚು ಅಂತ ಗೊತ್ತು, ಅದನ್ನೇ ಸ್ಕೇಲ್ ಮಾಡಿಕೊಂಡು ಉಳಿದದ್ದನ್ನು ಲೆಕ್ಕ ಹಾಕುವುದು.

ಈಗ ಉಲ್ಟಾ ಆಗಿದೆ. ಲೆ ಮಾನ್ಸ್ ಗೆದ್ದ ಪೋರ್ಷೆಯ ನಟ್ಟು-ಬೋಲ್ಟಿನ ಫೋಟೋ ಕೂಡ ಸಿಗುತ್ತದೆ, ಅರವತ್ತರ ದಶಕದ ಅಂಬಾಸಿಡರ್ ಮಾರ್ಕ್ 2ರ ಡ್ಯಾಶ್‌ಬೋರ್ಡ್ ಸರಿಯಾಗಿ ಸಿಗುವುದಿಲ್ಲ. ಅಂಬಾಸಿಡರ್ ತಯಾರಾಗುತ್ತಿದ್ದ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರಲ್ಲೇ ಕಾರು ತಯಾರಿ ನಿಂತಿತು. ಉಳಿದಿರುವ ಹಳೇ ಗಾಡಿಗಳಲ್ಲಿ ಯಾರೋ ಇಸುಜು ಎಂಜಿನ್ ಕೂರಿಸಿರುತ್ತಾರೆ, ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಕಿತ್ತು ಕೆಳಗಿಟ್ಟಿರುತ್ತಾರೆ, ಗ್ರಿಲ್ ಬದಲಾಯಿಸಿರುತ್ತಾರೆ. ಅದರ ಫೋಟೋ ಹಾಕಿ "ಒರಿಜಿನಲ್ ಕಂಡೀಷನ್" ಅಂತ ಬರೆದಿರುತ್ತಾರೆ. ನಂಬಿದರೆ ಕೆಟ್ಟೆವು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯ ಆಲ್ಬಂನಲ್ಲಿ ಅಜ್ಜನೋ ಮಾವನೋ ಮಾರ್ಕ್ 2 ಪಕ್ಕ ನಿಂತಿರುವ ಫೋಟೋ ಇದ್ದರೆ ಕಳಿಸಿ. ಮದುವೆ ದಿಬ್ಬಣದ್ದಾದರೂ ಸರಿ, ಹೂವಿನ ಹಾರ ಗ್ರಿಲ್ ಮುಚ್ಚಿರಬಾರದು ಅಷ್ಟೇ. ಬಾಗಿಲು ತೆಗೆದು ಒಳಗೆ ಕೂತಿರುವುದು ಸಿಕ್ಕರಂತೂ ಕಾಫಿ ನನ್ನದು.